ಪದಚರ್ಚೆ: ಕೊರೆಯುವ ನೀರಿನ ಆಳಕ್ಕೆ ಒಯ್ಯುವ ಸಲಕರಣೆಗಳಿಗೆ ಕನ್ನಡ ಪದಗಳು

ಎಲ್ಲರಿಗೂ ನಮಸ್ಕಾರ.

ನೇತ್ರಾಣಿ ದ್ವೀಪದ ಬಳಿ ಸ್ಕೂಬಾ (ಸಿಲಿಂಡರ್ ಹೊತ್ತು ನೀರಿನಡಿಗೆ ಇಳಿಯುವುದು) ಕಲಿತು ಈಗ ಬ್ರಿಟನ್ನಿನಲ್ಲಿ ನೆಲೆಸಿರುವ ಕೆಲವು ಗೆಳೆಯರಿಗಾಗಿ ಸಲಕರಣೆಗಳ ಆಯ್ಕೆಯ ಕುರಿತು ಒಂದು ಕಿರುಕೈಪಿಡಿ ಬರೆಯುತ್ತಿದ್ದೇನೆ. ಅವರ ಕಣ್ಣು ಸ್ಕಾಟ್ಲೆಂಡಿನ ಉತ್ತರದ ಆರ್ಕ್ನಿ ದ್ವೀಪಗಳ ನಡುವಿನ ಸ್ಕಾಪಾ ಫ್ಲೋ ಎಂಬ ಕೊಲ್ಲಿಯ ಮೇಲಿದೆ. 1919ರ ಜೂನ್ 21ರಂದು ಸೆರೆಯಲ್ಲಿದ್ದ ಜರ್ಮನ್ ನೌಕಾಪಡೆ ತನ್ನ ಹಡಗುಗಳನ್ನು ತಾನೇ ಮುಳುಗಿಸಿದ್ದು ಅಲ್ಲಿಯೇ. ಬಹುಪಾಲು ಹಡಗುಗಳನ್ನು ಆಮೇಲೆ ಗುಜರಿಗಾಗಿ ಮೇಲೆತ್ತಿದರು. ಮೂರು ಯುದ್ಧನೌಕೆಗಳೂ ನಾಲ್ಕು ಕ್ರೂಸರ್‌ಗಳೂ ಇನ್ನೂ ತಳದಲ್ಲಿವೆ. ಅವುಗಳಲ್ಲಿ ಮಾರ್ಕ್‌ಗ್ರಾಫ್ ಬೋರಲು ಬಿದ್ದಿರುವ ಜಾಗ ಸುಮಾರು 45 ಮೀಟರ್ ಆಳ. ಬೆಚ್ಚನೆಯ ನೀರಿನಲ್ಲಿ ಬಾಡಿಗೆಗೆ ಕೊಟ್ಟದ್ದನ್ನು ತೊಟ್ಟು ಇಳಿದರೂ ನಡೆಯುತ್ತದೆ. ಸ್ಕಾಪಾ ಫ್ಲೋದ ಕೊರೆಯುವ ನೀರಿನಲ್ಲಿ ಯಾವುದನ್ನು ಏಕೆ ಆರಿಸಬೇಕೆಂದು ಇಳಿಯುವವರಿಗೇ ತಿಳಿದಿರಬೇಕು. ಅದನ್ನು ಕನ್ನಡದಲ್ಲಿ ಹೇಳಹೊರಟಾಗ ಕೆಲವು ಕಡೆ ತಡವರಿಸುತ್ತಿದ್ದೇನೆ.

ಮೊದಲನೆಯದು ಪ್ರಶ್ನೆಗಿಂತ ತಕರಾರು. ನಮ್ಮ ಪತ್ರಿಕೆಗಳಲ್ಲಿ ಮುಳುಗು ತಜ್ಞರು ನದಿಗೆ ಇಳಿದಾಗಲೆಲ್ಲ ಅವರ ಬೆನ್ನಿಗೆ ‘ಆಮ್ಲಜನಕದ ಸಿಲಿಂಡರ್’ ಏರಿಬಿಡುತ್ತದೆ. ಸಾಮಾನ್ಯವಾಗಿ ಅದರಲ್ಲಿರುವುದು ಒತ್ತಿ ತುಂಬಿದ ಮಾಮೂಲಿ ಗಾಳಿ. ನದಿಯ ವರದಿಯಲ್ಲಿ ಈ ತಪ್ಪನ್ನು ಮನ್ನಿಸಬಹುದು, ಆಳದ ಕೈಪಿಡಿಯಲ್ಲಿ ಇದು ಪ್ರಾಣಕ್ಕೆ ಎರವಾಗುವ ತಪ್ಪು. ಶುದ್ಧ ಆಮ್ಲಜನಕವನ್ನು ಆರು ಮೀಟರಿಗಿಂತ ಕೆಳಗೆ ಉಸಿರಾಡಿದರೆ ಫಿಟ್ಸ್ ಬರುವ ಅಪಾಯವಿದೆ, ನೀರಿನೊಳಗೆ ಫಿಟ್ಸ್ ಬಂದವರು ಬದುಕುವುದು ಕಷ್ಟ. ಆದರೆ ಮೇಲೇರುವಾಗ ಆರು ಮೀಟರಿನಲ್ಲಿ ತಂಗಿ, ದೇಹದಲ್ಲಿ ಸೇರಿದ ಸಾರಜನಕವನ್ನು ಹೊರಹಾಕಲು ಅದೇ ಶುದ್ಧ ಆಮ್ಲಜನಕ ಬೇಕು. ಅದು ಬೇರೆಯೇ ಸಿಲಿಂಡರಿನಲ್ಲಿರುತ್ತದೆ, ಎಷ್ಟು ಆಳದವರೆಗೆ ಬಳಸಬಹುದೆಂಬುದನ್ನು ದಪ್ಪ ಅಂಕಿಯಲ್ಲಿ ಅದರ ಮೈಮೇಲೆ ಬರೆದಿರುತ್ತಾರೆ. ಇನ್ನೂ ಆಳಕ್ಕೆ ಹೋಗುವವರು ಸಾರಜನಕದ ಅಮಲು ಏರದಿರಲೆಂದು ಹೀಲಿಯಂ ಬೆರೆಸಿದ ಟ್ರೈಮಿಕ್ಸ್ ಒಯ್ಯುತ್ತಾರೆ. ಹಾಗಾಗಿ ಒಬ್ಬನ ಮೈಮೇಲೆ ಮೂರು ಬಗೆಯ ಸಿಲಿಂಡರ್ ಇರಬಹುದು. ಎಲ್ಲಕ್ಕೂ ಒಪ್ಪುವ ಒಂದು ಹೆಸರು ಬೇಕು. ‘ಗಾಳಿ’ ಎಂದರೆ ಹೀಲಿಯಂ ಹೊರಗುಳಿಯುತ್ತದೆ, ‘ಅನಿಲ’ ಎಂದರೆ ಅಡುಗೆಮನೆಯ ಸಿಲಿಂಡರ್ ಕಣ್ಣಮುಂದೆ ಬರುತ್ತದೆ. ಸದ್ಯಕ್ಕೆ ‘ಉಸಿರನಿಲ’ ಎಂದು ಬರೆದಿದ್ದೇನೆ. ಓದಿದರೆ ಕಿವಿಗೆ ಹೇಗನ್ನಿಸುತ್ತದೆ?

ಎರಡನೆಯದು, ಸಿಲಿಂಡರಿನ ಅನಿಲವನ್ನು ಉಸಿರಾಡಬಹುದಾದ ಒತ್ತಡಕ್ಕೆ ಇಳಿಸಿ ಬಾಯಿಗೆ ಕೊಡುವ ರೆಗ್ಯುಲೇಟರಿನ ವಿಷಯ. ಈ ಪದವನ್ನು ಹಾಗೆಯೇ ಇಟ್ಟುಕೊಂಡಿದ್ದೇನೆ, ಫ್ಯಾನಿನ ರೆಗ್ಯುಲೇಟರ್ ಮನೆಮನೆಯಲ್ಲೂ ಇದೆ. ತೊಡಕಿರುವುದು ಅದು ಕೈಕೊಡುವ ಬಗೆಯನ್ನು ಹೇಳುವಲ್ಲಿ. ತುಂಬಿದ ಸಿಲಿಂಡರಿನಲ್ಲಿ 232 ಬಾರ್ ಒತ್ತಡವಿದ್ದರೆ, ರೆಗ್ಯುಲೇಟರಿನ ಮೊದಲ ಹಂತ ಅದನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 10 ಬಾರ್ ಹೆಚ್ಚಿರುವಷ್ಟಕ್ಕೆ ಇಳಿಸುತ್ತದೆ. ಹಾಗೆ ಏಕಾಏಕಿ ಹಿಗ್ಗುವ ಅನಿಲ ವಿಪರೀತ ತಣ್ಣಗಾಗುತ್ತದೆ. ಹೊರಗಿನ ನೀರೂ ಕೊರೆಯುತ್ತಿದ್ದರೆ ಒಳಗಿನ ಬಿಡಿಭಾಗಗಳ ಮೇಲೆ ಮಂಜುಗಡ್ಡೆ ಕಟ್ಟಿ ಕವಾಟ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಆಗ ಉಸಿರೆಳೆಯಲಿ ಬಿಡಲಿ, ಅನಿಲ ಬಾಯಿಯತ್ತ ನುಗ್ಗುತ್ತಲೇ ಇರುತ್ತದೆ, ನಿಮಿಷಗಳಲ್ಲಿ ಸಿಲಿಂಡರ್ ಬರಿದಾಗುತ್ತದೆ. ಆಳ ಹೆಚ್ಚಿದಷ್ಟೂ ಒಂದೊಂದು ಉಸಿರಿಗೂ ಹೆಚ್ಚು ಅನಿಲ ಹರಿಯುವುದರಿಂದ (45 ಮೀಟರಿನಲ್ಲಿ ಮೇಲ್ಮೈಯ ಐದೂವರೆ ಪಟ್ಟು) ಹೀಗಾಗುವ ಸಂಭವವೂ ಹೆಚ್ಚು. ಅದಕ್ಕಾಗಿಯೇ ಯುರೋಪಿನ ಇಎನ್ 250 ಮಾನದಂಡ 10 ಡಿಗ್ರಿಗಿಂತ ತಣ್ಣನೆಯ ನೀರಿಗೆ ಬೇರೆ ಪರೀಕ್ಷೆ ಇಟ್ಟಿದೆ. ಕೊಳ್ಳುವವರು ಮೊದಲು ನೋಡಬೇಕಾದದ್ದು ರೆಗ್ಯುಲೇಟರ್ ಆ ಪರೀಕ್ಷೆಯಲ್ಲಿ ಗೆದ್ದಿದೆಯೇ ಎಂಬುದನ್ನು. ಮೊದಲ ಹಂತದೊಳಗೆ ನೀರು ನುಸುಳದಂತೆ ಪೊರೆಯಿಂದ ಮುಚ್ಚಿದ ಮಾದರಿ ಒಳ್ಳೆಯದು ಎಂಬುದು ಅದರ ನಂತರದ ಮಾತು.

ಈ ಕೈಕೊಡುವಿಕೆಗೆ ಏನೆನ್ನೋಣ? ‘ಸೋರಿಕೆ’ ಖಂಡಿತ ಅಲ್ಲ. ಸೋರಿಕೆ ಎಂದು ಓದಿದವನು ತೊಟ್ಟಿಕ್ಕುವ ನಲ್ಲಿಯನ್ನು ನೆನೆದು ಆಮೇಲೆ ನೋಡೋಣ ಎಂದುಕೊಳ್ಳುತ್ತಾನೆ. ‘ತಡೆಯಿಲ್ಲದ ಹರಿವು’ ಎಂದರೆ ಎಲ್ಲವೂ ಸರಾಗವಾಗಿದೆ ಎಂಬ ಭಾವ ಬರುತ್ತದೆ. ‘ನಿರರ್ಗಳ’ ಎಂಬುದು ಅಕ್ಷರಶಃ ಹೊಂದುತ್ತದೆ: ಅರ್ಗಳವೆಂದರೆ ಅಗುಳಿ, ಅಗುಳಿ ಬೀಳದ್ದು ನಿರರ್ಗಳ. ಆದರೆ ಆ ಪದವನ್ನು ಭಾಷಣಕಾರರು ಎಂದೋ ಗುತ್ತಿಗೆಗೆ ಹಿಡಿದಿದ್ದಾರೆ. ಅದರ ಎಳೆ ಹಿಡಿದು ‘ಅಗುಳಿ ಬೀಳದ ನುಗ್ಗು’ ಎಂದೆ, ಉದ್ದವಾಯಿತು. ಬರಿಯ ‘ಅನಿಲನುಗ್ಗು’ ಸಾಕೇ? ಓದಿದ ಕೂಡಲೇ ಕೈ ಸಿಲಿಂಡರಿನ ಕವಾಟ ಮುಚ್ಚಲು ಹೋಗುವಂತೆ ಮಾಡುವ ಪದ ನನಗೆ ಬೇಕು.

ನೀರು ಒಳನುಸುಳದ, ಒಳಗೆ ಅನಿಲ ತುಂಬಿಕೊಳ್ಳುವ ಉಡುಪಿನ ಬಗ್ಗೆ ಹೆಚ್ಚಿಲ್ಲ. ‘ಒಣ ಉಡುಪು’ ಎಂದರೆ ಹಗ್ಗದಿಂದ ತೆಗೆದ ಬಟ್ಟೆಯಂತೆ ಕೇಳಿಸುವುದರಿಂದ ಡ್ರೈಸೂಟ್ ಎಂದೇ ಬಿಟ್ಟಿದ್ದೇನೆ. ನಿಯೋಪ್ರೀನ್ ಎಂಬ ಗುಳ್ಳೆ ತುಂಬಿದ ರಬ್ಬರಿನದು ಆಳದಲ್ಲಿ ಒತ್ತಡಕ್ಕೆ ತೆಳುವಾಗಿ ಬೆಚ್ಚಗಿಡುವ ಗುಣ ಕಳೆದುಕೊಳ್ಳುತ್ತದೆ. ಮೂರು ಪದರದ ಬಟ್ಟೆಯದು ತೆಳುವಾಗುವುದಿಲ್ಲ, ಆದರೆ ತಾನಾಗಿ ಬೆಚ್ಚಗಿಡುವುದೂ ಇಲ್ಲ. ಬೆಚ್ಚಗಿಡುವುದೆಲ್ಲ ಒಳಗೆ ತೊಡುವ ದಪ್ಪ ಮೈಗವಸಿನ ಕೆಲಸ. ಅದನ್ನು ‘ಒಳ ಉಡುಪು’ ಎಂದು ಬರೆದ ಕರಡನ್ನು ಓದಿ ಗೆಳೆಯರು ನಕ್ಕಿದ್ದೇ ನಕ್ಕಿದ್ದು. ‘ಬೆಚ್ಚುಡುಪು’ ಎಂದು ತಿದ್ದಿದ್ದೇನೆ, ಆಕ್ಷೇಪವಿದ್ದರೆ ಹೇಳಿ. ಟ್ರೈಮಿಕ್ಸನ್ನು ಉಡುಪಿನೊಳಗೆ ತುಂಬಬಾರದು, ಹೀಲಿಯಂ ಗಾಳಿಗಿಂತ ಸುಮಾರು ಆರು ಪಟ್ಟು ಬೇಗ ಮೈಯ ಶಾಖವನ್ನು ಒಯ್ಯುತ್ತದೆ. ಉಡುಪಿಗೆಂದೇ ಗಾಳಿಯ ಅಥವಾ ಆರ್ಗಾನಿನ ಪುಟ್ಟ ಸಿಲಿಂಡರ್ ಬೇರೆ ಇರಬೇಕು.

ನನ್ನನ್ನು ಹೆಚ್ಚು ಕಾಡುತ್ತಿರುವುದು ಕೊನೆಯದು. ಇಂಥ ಡೈವಿಂಗಿನಲ್ಲಿ ಜೀವ ಉಳಿಸುವ ಪ್ರತಿಯೊಂದೂ ಎರಡೆರಡು ಇರಬೇಕು. ಎರಡು ಸಿಲಿಂಡರ್‌ಗಳನ್ನು ಕೊಳವೆಯಿಂದ ಜೋಡಿಸಿ ನಡುವೆ ಒಂದು ಕವಾಟ ಇಟ್ಟಿರುತ್ತಾರೆ, ಎರಡಕ್ಕೂ ಬೇರೆ ಬೇರೆ ರೆಗ್ಯುಲೇಟರ್. ಒಂದರಿಂದ ಅನಿಲ ನುಗ್ಗಿದರೆ ಅದರ ಕವಾಟ ಮುಚ್ಚಿ ಇನ್ನೊಂದರಲ್ಲಿ ಉಸಿರಾಡುತ್ತ ಮೇಲೇರಬಹುದು. ಈ ಏರ್ಪಾಡಿಗೆ ‘ಹೆಚ್ಚುವರಿ’ ಎಂದರೆ ಭಾರ ತಗ್ಗಿಸಲು ಮನೆಯಲ್ಲೇ ಬಿಟ್ಟುಹೋಗುವ ವಸ್ತುವಾಗುತ್ತದೆ. ‘ಮೀಸಲು’ ಪದ ಆಗಲೇ ಖರ್ಚಾಗಿದೆ: ಒಯ್ದ ಅನಿಲದಲ್ಲಿ ಮೂರನೆಯ ಒಂದು ಪಾಲನ್ನು ಮುಟ್ಟದೆ ಉಳಿಸಿಕೊಳ್ಳುವ ಕ್ರಮಕ್ಕೆ ಅದೇ ಸರಿ. ‘ಬದಲಿ’ ಎಂದರೆ ಒಂದು ಮುಖ್ಯ, ಇನ್ನೊಂದು ಅದರ ಜಾಗಕ್ಕೆ ಬಂದದ್ದು. ಇಲ್ಲಿ ಎರಡೂ ಸಮ. ‘ಜೋಡಿ’ ಹತ್ತಿರ ಬರುತ್ತದೆಂದು ಮೊದಲು ಅನ್ನಿಸಿತ್ತು. ಆದರೆ ಜೋಡಿ ಎತ್ತಿನಲ್ಲಿ ಒಂದು ಕುಸಿದರೆ ಉಳುಮೆಯೇ ನಿಲ್ಲುತ್ತದೆ. ನನಗೆ ಬೇಕಾದುದು ಅದರ ತದ್ವಿರುದ್ಧ ಅರ್ಥ: ಎರಡಿವೆ, ಒಂದೇ ಉಳಿದರೂ ದಡ ಸೇರಬಹುದು. ವಿಮಾನ ಅಥವಾ ವಿದ್ಯುತ್ ಕ್ಷೇತ್ರದಲ್ಲಿ ಕೆಲಸ ಮಾಡುವವರು ಕನ್ನಡದಲ್ಲಿ ಇದನ್ನು ಹೇಗೆ ಹೇಳುತ್ತಾರೆಂದು ಯಾರಾದರೂ ತಿಳಿಸಿದರೆ ಉಪಕಾರವಾದೀತು.

ಕರಾವಳಿಯವರಿಗೆ ಇನ್ನೂ ಒಂದು ಕೇಳಿಕೆ. ‘ಮುಳುಗು’ ಎಂಬ ಕ್ರಿಯಾಪದ ಬಳಸಿದಾಗಲೆಲ್ಲ ಹಡಗು ಮುಳುಗಿದ್ದಕ್ಕೂ ನೋಡಲು ಹೋದವನು ಮುಳುಗಿದ್ದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ‘ಇಳಿತ’ವನ್ನು ಉಬ್ಬರದ ಜೊತೆಗಾರನಾಗಿ ಸಮುದ್ರವೇ ಇಟ್ಟುಕೊಂಡಿದೆ. ಬಂಡೆಗೆ ಅಂಟಿದ ಪಚ್ಚಿಲೆ ಚಿಪ್ಪು ಕೀಳಲು ಉಸಿರು ಹಿಡಿದು ನೀರಿನಡಿಗೆ ಹೋಗುವವರು ಆ ಹೋಗುವುದಕ್ಕೆ, ಮತ್ತೆ ಮೇಲೆ ಬರುವುದಕ್ಕೆ ಏನೆನ್ನುತ್ತಾರೆ? ಕನ್ನಡ, ಕೊಂಕಣಿ, ತುಳು ಯಾವುದಾದರೂ ಆದೀತು. ಯಾವ ಊರಿನ ಬಳಕೆ ಎಂಬುದನ್ನೂ ಜೊತೆಗೆ ಬರೆಯಿರಿ.