ಹೊಸ ವೀಲ್ ಬೇರಿಂಗ್ ಹಾಕಿದ್ರೂ ಗುಂಯ್ ಸದ್ದು, ಸಹಾಯ ಬೇಕು

ಕಾರಿನ ಮುಂದಿನ ಎಡ ಚಕ್ರಕ್ಕೆ ಹೊಸ ಪ್ರೆಸ್-ಫಿಟ್ (ಪ್ರೆಸ್‌ನಲ್ಲಿ ಒತ್ತಿ ಕೂರಿಸುವ) ಬೇರಿಂಗ್ ಹಾಕಿ 500 ಕಿ.ಮೀ. ಆಗಿಲ್ಲ, ಆಗಲೇ ಗುಂಯ್ ಅಂತಿದೆ. ಬಲಕ್ಕೆ ತಿರುಗಿಸಿದ್ರೆ ಭಾರ ಎಡಕ್ಕೆ ಬಿದ್ದು ಸದ್ದು ಜೋರಾಗುತ್ತೆ. ಟೈರ್ ಹಿಂದೆ-ಮುಂದೆ ಬದಲಾಯಿಸಿದ್ರೂ ಅದೇ ಕಥೆ. ಜಾಕ್ ಏರಿಸಿ ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿದ್ರೆ ಪ್ಲೇ (ಸಡಿಲ) ಇಲ್ಲ. ಆದರೆ ಸ್ಪ್ರಿಂಗ್ ಮೇಲೆ ಕೈಯಿಟ್ಟು ಚಕ್ರ ತಿರುಗಿಸಿದ್ರೆ ಮರಳು ಅರೆದ ಹಾಗೆ ನಡುಕ ಸಿಗುತ್ತೆ.

ನಕಲ್‌ಗೆ (ಬೇರಿಂಗ್ ಕೂರುವ ಸ್ಟೀರಿಂಗ್ ಭಾಗ) ಕೂರಿಸುವಾಗ ಬೇರಿಂಗ್‌ನ ಹೊರಗಿನ ರೇಸ್ (ಉಂಗುರ) ಮೇಲೇ ಒತ್ತಿದ್ದು. ಬೇರಿಂಗ್ ಜಾರದಂತೆ ಹಿಡಿಯೋ ಸರ್ಕ್ಲಿಪ್ ತನ್ನ ಗ್ರೂವ್‌ನಲ್ಲಿ ಪೂರ್ತಿ ಕೂತಿದೆ. ಆಕ್ಸಲ್ ನಟ್ ಹೊಸದು, ಚಕ್ರ ನೆಲಕ್ಕಿಳಿಸೋ ಮುಂಚೆ ಟಾರ್ಕ್ ವ್ರೆಂಚ್‌ನಲ್ಲೇ ಬಿಗಿ ಮಾಡಿದ್ದು. ಅನುಮಾನ ಇರೋದು ಒಂದೇ ಕಡೆ: ಹಬ್ (ಚಕ್ರ ಬೋಲ್ಟ್ ಆಗುವ ಭಾಗ) ಬೇರಿಂಗ್ ಒಳಗೆ ಒತ್ತುವಾಗ ಒಳಗಿನ ರೇಸ್‌ಗೆ ಕೆಳಗಿಂದ ಆಧಾರ ಕೊಟ್ಟಿರಲಿಲ್ಲ. ಒತ್ತಡ ಗುಂಡುಗಳ ಮೂಲಕ ಹೋಗಿ ರೇಸ್‌ನಲ್ಲಿ ಕುಳಿ ಬಿದ್ದಿರಬಹುದು.

ಬಿಚ್ಚಿದ್ರೆ ಈ ಬೇರಿಂಗ್ ಮತ್ತೆ ಬಳಸೋಕಾಗಲ್ಲ. ಹಾಗಾಗಿ, ಬಿಚ್ಚೋ ಮುಂಚೆ ಇದು ಒತ್ತಿದ್ದರ ತಪ್ಪೋ, ಹಬ್ ಸವೆದಿದ್ದೋ ಅಂತ ಪತ್ತೆ ಹಚ್ಚೋದು ಹೇಗೆ? ಬೇರಿಂಗ್ ಜೊತೆ ಹಬ್ಬನ್ನೂ ಬದಲಾಯಿಸಲೇಬೇಕಾ?