ಕಂಪನಿ ಹೇಳಿದ್ದು 24, ಸಿಗುವುದು 16: ಗ್ರೂಪಿನ ಮೈಲೇಜ್ ಪ್ರಶ್ನೋತ್ತರ

ಅಡ್ಮಿನ್: ಈ ವಾರದ ವಿಷಯ ಸಣ್ಣ ಕಾರುಗಳ ಮೈಲೇಜ್. ಉತ್ತರ ಕೊಡುವುದು ಸೀತಾಂಗೋಳಿಯ ನಮ್ಮ ಮೆಕ್ಯಾನಿಕ್ ಅಣ್ಣ. ಕಾರಿನ ವರ್ಷ, ಓಡಿದ ಕಿ.ಮೀ., ಮೈಲೇಜ್ ಲೆಕ್ಕ ಹಾಕಿದ್ದು ಹೇಗೆ, ಇಷ್ಟನ್ನು ಬರೆದು ಕೇಳಿ. ಫಾರ್ವರ್ಡ್ ಹಾಕಬೇಡಿ.

ಕುಂಬಳೆ ಶೆಟ್ರು: ಅಣ್ಣಾ, ಬ್ರೋಶರಲ್ಲಿ 24ರ ಮೇಲೆ ಉಂಟು. ನನಗೆ ಸಿಗುವುದು 16. ಪೆಟ್ರೋಲ್ ಹ್ಯಾಚ್‌ಬ್ಯಾಕ್, 2021ರದ್ದು, 38,000 ಕಿ.ಮೀ. ಗಾಡಿಯದ್ದು ದೋಷವಾ, ಅಲ್ಲ ಬರೆದದ್ದೇ ಸುಳ್ಳಾ?

ಮೆಕ್ಯಾನಿಕ್: ಎರಡೂ ಅಲ್ಲ ಶೆಟ್ರೆ. ಆ 24 ರಸ್ತೆಯಲ್ಲಿ ಅಳೆದದ್ದಲ್ಲ. ಲ್ಯಾಬಿನಲ್ಲಿ ಕಾರಿನ ಚಕ್ರಗಳನ್ನು ರೋಲರ್ ಮೇಲೆ ನಿಲ್ಲಿಸಿ 1180 ಸೆಕೆಂಡು ಓಡಿಸುತ್ತಾರೆ. ಇಪ್ಪತ್ತು ನಿಮಿಷವೂ ಆಗುವುದಿಲ್ಲ, ಒಟ್ಟು ದೂರ 11 ಕಿ.ಮೀ. ಒಳಗೆ. ಗರಿಷ್ಠ ವೇಗ 90, ಸರಾಸರಿ 32ರ ಆಸುಪಾಸು. ಎಸಿ ಬಂದ್. ಏರಿಲ್ಲ, ಹೊಂಡ ಇಲ್ಲ, ಹಿಂದಿನ ಸೀಟಲ್ಲಿ ಮೂರು ಜನ ಇಲ್ಲ. ವೇಗ ಏರಿಸುವುದೂ ಬಹಳ ಮೆಲ್ಲ. ಎಲ್ಲ ಕಂಪನಿಗಳಿಗೂ ಇದೇ ಪರೀಕ್ಷೆ, ಹಾಗಾಗಿ ಎರಡು ಕಾರುಗಳನ್ನು ಹೋಲಿಸಿ ನೋಡುವುದಕ್ಕೆ ಆ ಅಂಕಿ ಆಗುತ್ತದೆ. ವ್ಯಾಗನ್-ಆರ್ 1.0 ಮ್ಯಾನುವಲ್‌ಗೆ 24.35, ಆಲ್ಟೊ ಕೆ10 ಮ್ಯಾನುವಲ್‌ಗೆ 24.39. ಪೆಟ್ರೋಲ್ ಖರ್ಚು ನೋಡಿ ಇವೆರಡರಲ್ಲಿ ಒಂದನ್ನು ಆರಿಸುವ ಅಗತ್ಯ ಇಲ್ಲ ಎಂದು ಅಷ್ಟರಲ್ಲೇ ಗೊತ್ತಾಯಿತಲ್ಲ. ಆದರೆ ಹೆದ್ದಾರಿ 66ರ ಸರ್ವಿಸ್ ರೋಡಿನಲ್ಲಿ ಸೆಕೆಂಡ್ ಗೇರ್ ಹಾಕಿಕೊಂಡು ತೆವಳುವಾಗ ಎಷ್ಟು ಸಿಗುತ್ತದೆ ಎಂದು ಆ ಪರೀಕ್ಷೆ ಹೇಳುವುದಿಲ್ಲ. ನಮ್ಮ ಕಡೆಯ ಮಿಶ್ರ ಓಡಾಟಕ್ಕೆ ಬ್ರೋಶರ್ ಅಂಕಿಯ ಮುಕ್ಕಾಲು ಪಾಲಿನ ಹತ್ತಿರ ಬಂದರೆ ಗಾಡಿ ಸರಿ ಉಂಟು. ಎಸಿ ಹಾಕಿ ಪೇಟೆಯೊಳಗೇ ತಿರುಗಿದರೆ 14ಕ್ಕೆ ಇಳಿದರೂ ಆಶ್ಚರ್ಯ ಇಲ್ಲ. ನಿಮ್ಮ 16 ಎಲ್ಲಿಂದ ಬಂತು?

ಕುಂಬಳೆ ಶೆಟ್ರು: ಮೀಟರ್ ಬೋರ್ಡಲ್ಲಿ ತೋರಿಸ್ತದೆ.

ಮೆಕ್ಯಾನಿಕ್: ಅದನ್ನು ನಂಬಬೇಡಿ. ಎಂಜಿನ್ನಿಗೆ ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಎಂಬುದರ ಮೇಲೆ ಕಂಪ್ಯೂಟರ್ ಮಾಡುವ ಅಂದಾಜು ಅದು. ಸಾಧಾರಣ ನೂರಕ್ಕೆ ಐದು, ಕೆಲವು ಗಾಡಿಗಳಲ್ಲಿ ಹತ್ತು ಜಾಸ್ತಿಯೇ ತೋರಿಸುತ್ತದೆ. ಹೀಗೆ ಮಾಡಿ: ಪಂಪಿನಲ್ಲಿ ನಳಿಕೆ ತಾನಾಗಿ ಕಟ್ ಆಗುವವರೆಗೆ ತುಂಬಿಸಿ. ಆಮೇಲೆ ದುಡ್ಡು ರೌಂಡ್ ಮಾಡಲಿಕ್ಕೆ ಕುಟುಕು ಕುಟುಕು ಹಾಕಿಸಬೇಡಿ. ಹೆಚ್ಚಾದ ಪೆಟ್ರೋಲ್ ಆವಿ ಹೀರುವ ಇದ್ದಿಲ ಡಬ್ಬಿಗೆ ಹೋಗಿ ಅದೇ ಹಾಳಾಗುತ್ತದೆ. ಓಡೋಮೀಟರ್ ಫೋಟೊ ತೆಗೆಯಿರಿ. ಮುಕ್ಕಾಲು ಟ್ಯಾಂಕ್ ಖಾಲಿಯಾದ ಮೇಲೆ ಅದೇ ಪಂಪ್, ಅದೇ ನಳಿಕೆ, ಮತ್ತೆ ಆಟೊ ಕಟ್‌ವರೆಗೆ. ಓಡಿದ್ದು 400 ಕಿ.ಮೀ., ಹಿಡಿದದ್ದು 25 ಲೀಟರ್ ಅಂದರೆ 16. ಮೂರು ಟ್ಯಾಂಕಿನ ಲೆಕ್ಕ ಒಟ್ಟು ಮಾಡಿ ಭಾಗಿಸಿ. ಒಂದು ಟ್ಯಾಂಕಿನದ್ದು ಹಿಡಿದುಕೊಂಡು ಜಗಳಕ್ಕೆ ಬರಬೇಡಿ.

ಮಂಜೇಶ್ವರ ಅಕ್ಕ: ಎಸಿ ಬಂದ್ ಮಾಡಿ ಗ್ಲಾಸ್ ಇಳಿಸಿದರೆ ಉಳಿತಾಯ ಉಂಟಾ ಅಣ್ಣ?

ಮೆಕ್ಯಾನಿಕ್: ಪೇಟೆಯಲ್ಲಿ ಉಂಟು. 80 ದಾಟಿದ ಮೇಲೆ ಗ್ಲಾಸ್ ಏರಿಸಿ ಎಸಿ ಹಾಕಿ. ವೇಗ 80ರಿಂದ 110ಕ್ಕೆ ಹೋದರೆ ಗಾಳಿಯ ತಡೆ ಹೆಚ್ಚುಕಡಿಮೆ ಎರಡು ಪಟ್ಟು. ಎಸಿಗಿಂತ ಹೆಚ್ಚು ಕುಡಿಯುವುದು ಅದು.

ಪೆರ್ಲ ಭಟ್ರು: ನನ್ನದು 2016ರ ಸಾವಿರ ಸಿಸಿ ಪೆಟ್ರೋಲ್, 62,000 ಕಿ.ಮೀ. ಟ್ಯಾಂಕ್ ಟು ಟ್ಯಾಂಕ್ ಲೆಕ್ಕದಲ್ಲಿ 17 ಇತ್ತು, ಈಗ 11.5. ಹೆಚ್ಚಾಗಿ ಮನೆಯಿಂದ ಪೇಟೆಗೆ, ನಾಲ್ಕು ಕಿ.ಮೀ. ಮಾತ್ರ. ಟಯರ್ ಗಾಳಿ, ಏರ್ ಫಿಲ್ಟರ್, ಪ್ಲಗ್ ಎಲ್ಲ ನೋಡಿ ಆಯಿತು. ಇನ್ನೊಂದು ವಿಚಿತ್ರ: ಆಯಿಲ್ ಬದಲಿಸಿ ಹೆಚ್ಚು ಸಮಯ ಆಗಿಲ್ಲ, ಡಿಪ್‌ಸ್ಟಿಕ್ಕಲ್ಲಿ ಮಟ್ಟ ಮೇಲಿನ ಗೆರೆ ದಾಟಿದೆ.

ಮೊಗ್ರಾಲ್ ಇಚ್ಚ: ಆಯಿಲ್ ಕಡಿಮೆ ಆಗಿಲ್ಲ ಅಲ್ವಾ ಭಟ್ರೆ, ಖುಷಿ ಪಡಿ 😀

ಮೆಕ್ಯಾನಿಕ್: ಇಚ್ಚ, ಇದು ನಗುವ ವಿಷಯ ಅಲ್ಲ. ಭಟ್ರೆ, ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಉಂಟಾ? ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಟೆಂಪರೇಚರ್ ದೀಪ ಬರುತ್ತದಾ, ಬಂದರೆ ಎಷ್ಟು ಹೊತ್ತಿಗೆ ಆರುತ್ತದೆ? ಕಾರು ಮೊದಲು ಯಾವಾಗಲಾದರೂ ಹೀಟ್ ಆಗಿತ್ತಾ?

ಪೆರ್ಲ ಭಟ್ರು: ವಾಸನೆ ಚೆನ್ನಾಗಿಯೇ ಉಂಟು. ನೀಲಿ ದೀಪ ಪೇಟೆ ಮುಟ್ಟುವವರೆಗೂ ಆರುವುದಿಲ್ಲ. ಬೇಸಗೆಯಲ್ಲಿ ಒಮ್ಮೆ ಹೀಟ್ ಆಗಿ ಒಂದು ಗ್ಯಾರೇಜಿನಲ್ಲಿ ತೋರಿಸಿದ್ದೆ, ಆಮೇಲೆ ಹೀಟ್ ಆಗಿಲ್ಲ.

ಮೆಕ್ಯಾನಿಕ್: ಆಮೇಲೆ ಹೀಟ್ ಆಗದೇ ಇರುವುದೇ ಈಗಿನ ತೊಂದರೆ ಎಂದು ನನ್ನ ಸಂಶಯ. ತಾಳ್ಮೆಯಿಂದ ಓದಿ.

ಥರ್ಮೋಸ್ಟಾಟ್ ಎಂದರೆ ಕೂಲೆಂಟ್ ದಾರಿಯಲ್ಲಿರುವ ಮೇಣದ ವಾಲ್ವ್. ಎಂಜಿನ್ 82 ಅಥವಾ 88 ಡಿಗ್ರಿಗೆ ಬರುವವರೆಗೆ ರೇಡಿಯೇಟರಿಗೆ ನೀರು ಬಿಡುವುದಿಲ್ಲ (ಎಷ್ಟು ಡಿಗ್ರಿ ಎಂದು ಅದರ ಮೇಲೆಯೇ ಕೊರೆದಿರುತ್ತದೆ). ಅದು ತೆರೆದೇ ಅಂಟಿಕೊಂಡರೆ, ಅಥವಾ "ನಮ್ಮ ಸೆಕೆಗೆ ಇದು ಬೇಡ" ಎಂದು ಯಾರಾದರೂ ಕಿತ್ತು ಬಿಸಾಡಿದರೆ, ಸಣ್ಣ ಓಟದಲ್ಲಿ ಎಂಜಿನ್ 60 ಡಿಗ್ರಿ ದಾಟುವುದೇ ಕಷ್ಟ. ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಪೆಟ್ರೋಲ್ ಜಾಸ್ತಿ ಕೊಡುತ್ತಲೇ ಇರುತ್ತದೆ. ಆ ಹೆಚ್ಚಿನ ಪೆಟ್ರೋಲ್ ಆವಿಯಾಗದೆ ಸಿಲಿಂಡರ್ ಗೋಡೆಗೆ ಅಂಟಿ, ರಿಂಗ್ ದಾಟಿ, ಕೆಳಗೆ ಆಯಿಲಿಗೆ ಇಳಿಯುತ್ತದೆ. ಮಟ್ಟ ಏರಿದ್ದು ಹಾಗೆ. ಏರಿದ್ದು ಆಯಿಲ್ ಅಲ್ಲ, ಪೆಟ್ರೋಲ್. ತೆಳುವಾದ ಆಯಿಲ್ ಬೇರಿಂಗನ್ನು ಕಾಯುವುದಿಲ್ಲ.

ಆದರೆ ಕಣ್ಣು ಮುಚ್ಚಿ ಥರ್ಮೋಸ್ಟಾಟ್ ಹಾಕಿಸಬೇಡಿ. ಇಂಜೆಕ್ಟರ್ ಸೋರಿದರೂ, ಪರ್ಜ್ ವಾಲ್ವ್ (ಟ್ಯಾಂಕಿನ ಆವಿಯನ್ನು ಎಂಜಿನ್ನಿಗೆ ಬಿಡುವ ವಾಲ್ವ್) ತೆರೆದೇ ನಿಂತರೂ ಮಿಶ್ರಣದಲ್ಲಿ ಪೆಟ್ರೋಲ್ ಜಾಸ್ತಿಯಾಗುತ್ತದೆ. ಬೇರ್ಪಡಿಸುವುದು ಹೀಗೆ:

ಓಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ಓದುವ ಯಂತ್ರ) ಹಾಕಿ ಲೈವ್ ಡೇಟಾ ನೋಡಿಸಿ. ಇಪ್ಪತ್ತು ನಿಮಿಷ ಓಡಿದ ಮೇಲೂ ಕೂಲೆಂಟ್ 85–95ಕ್ಕೆ ಬರದಿದ್ದರೆ ಥರ್ಮೋಸ್ಟಾಟ್. ಎಂಜಿನ್ ಬಿಸಿಯಾಗುತ್ತಿಲ್ಲ ಎಂದು ಹೇಳುವ ಪಿ0128 ಕೋಡ್ ಇದ್ದರೆ ಇನ್ನೂ ಖಾತ್ರಿ, ಇಲ್ಲದಿದ್ದರೂ ಟೆಂಪರೇಚರನ್ನೇ ನಂಬಿ. ಸ್ಕ್ಯಾನರ್ ಸಿಗದಿದ್ದರೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ ರೇಡಿಯೇಟರಿನ ಮೇಲಿನ ಹೋಸ್ ಮುಟ್ಟಿ. ಥರ್ಮೋಸ್ಟಾಟ್ ಸರಿ ಇದ್ದರೆ ಅದು ತುಂಬ ಹೊತ್ತು ತಣ್ಣಗಿದ್ದು ಒಮ್ಮೆಲೇ ಬಿಸಿಯಾಗುತ್ತದೆ. ಮೊದಲಿನಿಂದಲೇ ಮೆಲ್ಲ ಮೆಲ್ಲ ಬೆಚ್ಚಗಾಗುತ್ತಾ ಹೋದರೆ ವಾಲ್ವ್ ಮುಚ್ಚುತ್ತಿಲ್ಲ, ಇಲ್ಲವೇ ವಾಲ್ವೇ ಇಲ್ಲ. ಫ್ಯಾನ್ ಬೆಲ್ಟಿನಿಂದ ಕೈ ದೂರ ಇರಲಿ.

ಟೆಂಪರೇಚರ್ ಸರಿ ಬಂದು ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ನೂರಕ್ಕೆ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಅಂಕಿ) ಮೈನಸ್ 15, ಮೈನಸ್ 20 ತೋರಿಸಿದರೆ ಎಲ್ಲಿಂದಲೋ ಬೇಡದ ಪೆಟ್ರೋಲ್ ಬರುತ್ತಿದೆ ಎಂದರ್ಥ. ಆಗ ಪಿಸಿವಿ ಹೋಸ್ (ಆಯಿಲ್ ಇರುವ ಕಡೆಯ ಆವಿಯನ್ನು ಇನ್‌ಟೇಕಿಗೆ ಒಯ್ಯುವ ಪೈಪು) ತೆಗೆದು ಇನ್‌ಟೇಕ್ ಬದಿಯ ತೂತು ಮುಚ್ಚಿ ನೋಡಬೇಕು. ಟ್ರಿಮ್ ಸೊನ್ನೆಯ ಹತ್ತಿರ ಬಂದರೆ ಆ ಬೇಡದ ಪೆಟ್ರೋಲ್ ಆವಿ ಆಯಿಲಿನಿಂದಲೇ ಬರುತ್ತಿದ್ದದ್ದು. ಆಯಿಲ್ ಬದಲಿಸಿದ ಮೇಲೆ ಮತ್ತೆ ಅಳೆಯಿರಿ. ತೂತು ಮುಚ್ಚಿದರೂ ಟ್ರಿಮ್ ಸೊನ್ನೆಗೆ ಬರದಿದ್ದರೆ ಪರ್ಜ್ ಹೋಸ್ ಹಿಸುಕಿ ನೋಡಿ, ಆಮೇಲೆ ಇಂಜೆಕ್ಟರ್. ಬಿಸಿ ಎಂಜಿನ್ ನಿಲ್ಲಿಸಿ ಅರ್ಧ ಗಂಟೆ ಬಿಟ್ಟು ಸ್ಟಾರ್ಟ್ ಮಾಡುವಾಗ ಎಳೆದಾಡಿದರೆ ಸೋರುವ ಇಂಜೆಕ್ಟರ್ ಮೇಲೆ ಸಂಶಯ ಬಲವಾಗುತ್ತದೆ.

ಅಲ್ಲಿಯವರೆಗೆ ಮಂಗಳೂರಿಗೆಲ್ಲ ಹೋಗಬೇಡಿ. ಆಯಿಲ್ ತೆಗೆದು ಮಟ್ಟಕ್ಕೆ ತರುವುದೂ ಬೇಡ, ಪೂರ್ತಿ ಬದಲಿಸಬೇಕು.

ಮೊಗ್ರಾಲ್ ಇಚ್ಚ: (ಫಾರ್ವರ್ಡ್) "ಪೆಟ್ರೋಲ್ ಟ್ಯಾಂಕಿಗೆ 4 ನುಸಿಗುಳಿಗೆ ಹಾಕಿ, ಮೈಲೇಜ್ 5 ಕಿ.ಮೀ. ಹೆಚ್ಚು! ಬೆಳಿಗ್ಗೆ 6ಕ್ಕೆ ಮುಂಚೆ ತುಂಬಿಸಿ! ಫ್ಯುಯೆಲ್ ಪೈಪಿಗೆ ಅಯಸ್ಕಾಂತ ಕಟ್ಟಿ! ಇಳಿಜಾರಲ್ಲಿ ನ್ಯೂಟ್ರಲ್! ಎಲ್ಲರಿಗೂ ಕಳಿಸಿ"

ಮೆಕ್ಯಾನಿಕ್: ಅಡ್ಮಿನ್ ಬೇಡ ಎಂದ ಮೇಲೂ ಬಂತಲ್ಲ. ನುಸಿಗುಳಿಗೆ ಮೈಲೇಜ್ ಕೊಡುವುದಿಲ್ಲ. ತಳದಲ್ಲಿ ಉಳಿದ ಚೂರು ಫಿಲ್ಟರ್ ಕಟ್ಟುತ್ತದೆ, ಒಳಗೆ ಮಸಿ ಕೂರುತ್ತದೆ. ಹಾಕಿದವರು ಟ್ಯಾಂಕ್ ಇಳಿಸುವ ಕೂಲಿ ತೆಗೆದಿಡಿ. ಪಂಪಿನ ಟ್ಯಾಂಕ್ ನೆಲದಡಿ ಇರುವುದು, ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಅದರ ಬಿಸಿ ಹೆಚ್ಚು ಬದಲಾಗುವುದಿಲ್ಲ. ಐದು ಡಿಗ್ರಿ ಬದಲಾಯಿತು ಎಂದೇ ಇಟ್ಟುಕೊಂಡರೂ ನೂರು ಲೀಟರಿಗೆ ಅರ್ಧ ಲೀಟರ್ ವ್ಯತ್ಯಾಸ. ಅಯಸ್ಕಾಂತ ಫ್ರಿಜ್ಜಿನ ಬಾಗಿಲಿಗೆ ಒಳ್ಳೆಯದು.

ನ್ಯೂಟ್ರಲ್ ಮಾತ್ರ ಅಪಾಯ. ಗೇರಿನಲ್ಲೇ ಇದ್ದು ಆಕ್ಸಿಲರೇಟರ್ ಬಿಟ್ಟರೆ, ಆರ್‌ಪಿಎಂ ಸಾಕಷ್ಟು ಇರುವವರೆಗೆ ಇಂಜೆಕ್ಟರ್ ಪೂರ್ತಿ ಬಂದ್. ಖರ್ಚು ಸೊನ್ನೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಂತೆ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಸುಡುತ್ತಲೇ ಇರಬೇಕು. ಅಂದರೆ ಹೆಚ್ಚು ಪೆಟ್ರೋಲ್ ಸುಟ್ಟು, ಎಂಜಿನ್ ಬ್ರೇಕನ್ನೂ ಕಳೆದುಕೊಂಡು, ಮಳೆಯಲ್ಲಿ ತಿರುವು ಇಳಿಯುವುದು.

ಮೊಗ್ರಾಲ್ ಇಚ್ಚ: ನನಗೆ ಬಂದದ್ದನ್ನು ಹಾಕಿದೆ ಅಷ್ಟೆ. ಕೋಪ ಎಂತಕ್ಕೆ?

ಮುಳ್ಳೇರಿಯ ರೈಗಳು: ಟಯರಿಗೆ 45 ಗಾಳಿ ಹಾಕಿದರೆ ಗಾಡಿ ಹಗುರ ಓಡುತ್ತದೆ, ನನ್ನ ಅನುಭವ.

ಮೆಕ್ಯಾನಿಕ್: ಡ್ರೈವರ್ ಬಾಗಿಲಿನ ಕಂಬದಲ್ಲಿ ಸ್ಟಿಕ್ಕರ್ ಉಂಟು. ಅದರಲ್ಲಿ ಬರೆದಷ್ಟು, ಟಯರ್ ತಣ್ಣಗಿರುವಾಗ. ಓಡಿಸಿಕೊಂಡು ಹೋಗಿ ಅಳೆದರೆ ಮೂರು ನಾಲ್ಕು ಪಿಎಸ್‌ಐ ಜಾಸ್ತಿ ತೋರಿಸುತ್ತದೆ. 45 ಹಾಕಿದರೆ ನಡುವಿನ ಪಟ್ಟಿ ಮಾತ್ರ ನೆಲಕ್ಕೆ ತಾಗುವುದು, ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿಯುವುದಿಲ್ಲ. ನಿಮ್ಮದು ಅಲಾಯ್ ಬದಲಿಸಿದ ಗಾಡಿ ಅಲ್ವಾ? ಸೈಜ್ ಎಷ್ಟು?

ಮುಳ್ಳೇರಿಯ ರೈಗಳು: ಬಂದದ್ದು 155/80 ಆರ್13. ಈಗ 185/65 ಆರ್14.

ಮೆಕ್ಯಾನಿಕ್: ವ್ಯಾಸ 578 ಮಿ.ಮೀ.ಯಿಂದ 596ಕ್ಕೆ ಹೋಯಿತು. ನೂರಕ್ಕೆ ಮೂರು. ನೀವು 103 ಕಿ.ಮೀ. ಓಡಿದರೆ ಓಡೋಮೀಟರ್ ಬರೆಯುವುದು 100. ಲೆಕ್ಕದಲ್ಲಿ ಕಳೆದುಹೋದ ಮೈಲೇಜ್ ಸ್ವಲ್ಪ ಅದು. ಉಳಿದದ್ದು ಅಗಲ ಟಯರಿನ ಎಳೆತ, ಅದು ನಿಜವಾದ ನಷ್ಟ.

ಬದಿಯಡ್ಕ ಮಾಷ್ಟ್ರು: ಸಿಎನ್‌ಜಿ ಕಿಟ್ ಹೊರಗಿನಿಂದ ಹಾಕಿಸಬಹುದಾ?

ಕುಂಬಳೆ ಶೆಟ್ರು: ಮೈಲೇಜ್ ಬಿಡಿ, ತಲಪಾಡಿ ಗಡಿ ದಾಟಿ ಕರ್ನಾಟಕದಲ್ಲಿ ತುಂಬಿಸಿ. ಲೀಟರಿಗೆ ನಾಲ್ಕು ರೂಪಾಯಿ ಉಳಿಯುತ್ತದೆ. ನಾನು ಕೇರಳದಲ್ಲಿ ಹಾಕಿಸುವುದೇ ಇಲ್ಲ.

ಬದಿಯಡ್ಕ ಮಾಷ್ಟ್ರು: ಶೆಟ್ರೆ, ಕುಂಬಳೆಯಿಂದ ತಲಪಾಡಿಗೆ ಹೋಗಿ ಬರಲು 40 ಕಿ.ಮೀ. ಮೇಲೆ. ನಿಮ್ಮದೇ 16ರ ಲೆಕ್ಕದಲ್ಲಿ ಎರಡೂವರೆ ಲೀಟರ್, ಇನ್ನೂರೈವತ್ತು ರೂಪಾಯಿ ಹೋಯಿತು. 25 ಲೀಟರಿಗೆ ಉಳಿಸುವುದು ನೂರು. ನೂರೈವತ್ತು ಕೊಟ್ಟು ದೇಶಾಭಿಮಾನವಾ?

ಕುಂಬಳೆ ಶೆಟ್ರು: ನಾನು ಹೇಗೂ ಮಂಗಳೂರಿಗೆ ಹೋಗುವವ. ಮಾಷ್ಟ್ರಿಗೆ ಎಲ್ಲದರಲ್ಲೂ ಮಾರ್ಕು ಕಳೆಯುವ ಚಟ.

ಮಂಜೇಶ್ವರ ಅಕ್ಕ: ಹೊಸಂಗಡಿ, ಮಂಜೇಶ್ವರದವರಿಗೆ ಅದು ಲಾಭವೇ. ಕುಂಬಳೆಯವರು ಅದಕ್ಕೆಂದೇ ಹೋಗುವುದಾದರೆ ನಷ್ಟ. ಇದರಲ್ಲಿ ಜಗಳ ಎಂತದ್ದು?

ಮುಳ್ಳೇರಿಯ ರೈಗಳು: ಎಲ್ಲಿ ಹಾಕಿದರೂ ಈಗ ಎಥೆನಾಲ್ ನೀರು. ಭಟ್ರ ಮೈಲೇಜ್ ಹೋದದ್ದೂ ಇ20 (ನೂರಕ್ಕೆ 20 ಎಥೆನಾಲ್ ಬೆರೆಸಿದ ಪೆಟ್ರೋಲ್) ಯಿಂದಲೇ, ಥರ್ಮೋಸ್ಟಾಟ್ ಎಲ್ಲ ಗ್ಯಾರೇಜಿನವರ ಬಿಲ್ಲು.

ಮೆಕ್ಯಾನಿಕ್: ರೈಗಳೆ, ಲೆಕ್ಕ ಮಾಡಿ ಮಾತಾಡುವ. ಲೀಟರ್ ಪೆಟ್ರೋಲಿನಲ್ಲಿ ಶಕ್ತಿ ಸುಮಾರು 32 ಮೆಗಾಜೂಲ್, ಎಥೆನಾಲಿನಲ್ಲಿ 21. ನೂರಕ್ಕೆ 20 ಬೆರೆಸಿದರೆ ಶಕ್ತಿ ಅಪ್ಪಟ ಪೆಟ್ರೋಲಿಗಿಂತ ನೂರಕ್ಕೆ ಏಳರಷ್ಟು ಕಡಿಮೆ. ಮೊದಲಿದ್ದ ಹತ್ತರ ಬೆರಕೆಗೆ ಹೋಲಿಸಿದರೆ ಮೂರೂವರೆ. ನೀತಿ ಆಯೋಗದ 2021ರ ವರದಿಯೂ ಹಳೆಯ ವಿನ್ಯಾಸದ ಕಾರುಗಳಿಗೆ ಆರೇಳರ ಇಳಿಕೆ ಎಂದೇ ಹೇಳಿದ್ದು. ಅಂದರೆ 17 ಇದ್ದದ್ದು 16 ಆಗಬಹುದು. 11.5 ಆಗುವುದಿಲ್ಲ. 2023ಕ್ಕಿಂತ ಹಿಂದಿನ ಗಾಡಿಯವರು ಫ್ಯುಯೆಲ್ ಪೈಪಿನ ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟಿದೆಯಾ ಎಂದು ಸರ್ವಿಸಿನಲ್ಲಿ ನೋಡಿಸಿ. ನೀವು ಗಾಡಿ ಎಲ್ಲಿ ಬೇಕಾದರೂ ತೋರಿಸಿ, ಬಿಲ್ಲಿನ ಮಾತು ನನ್ನ ಹತ್ತಿರ ಬೇಡ.

ಮೊಗ್ರಾಲ್ ಇಚ್ಚ: ಇ20 ಹಾಕಿದರೆ ಮೈಲೇಜ್ ಎಷ್ಟು ಕಡಿಮೆ ಆಗ್ತದೆ ಅಣ್ಣ?

ಮೆಕ್ಯಾನಿಕ್: ಮೇಲೆ ಓದಿ.

ಉಪ್ಪಳ ಹೊಸಬ: ಕಂಪನಿ 25 ಅಂತ ಹೇಳಿ 17 ಕೊಡ್ತದೆ, ಕೇಸ್ ಹಾಕಬಹುದಾ?

ಮೆಕ್ಯಾನಿಕ್: ಮೊದಲ ಉತ್ತರ ಓದಿ.

ಬದಿಯಡ್ಕ ಮಾಷ್ಟ್ರು: ನನ್ನ ಸಿಎನ್‌ಜಿ ಪ್ರಶ್ನೆ ಹಾಗೇ ಉಳಿಯಿತು.

ಕುಂಬಳೆ ಶೆಟ್ರು: ನೀವೇ ಲೆಕ್ಕ ಮಾಡಿ ಮಾಷ್ಟ್ರೆ, ಲೆಕ್ಕದಲ್ಲಿ ಹುಷಾರಲ್ವಾ.

ಮಂಜೇಶ್ವರ ಅಕ್ಕ: ಅಣ್ಣ, ಮಳೆಗಾಲದಲ್ಲಿ ಮಾತ್ರ ನನ್ನ ಗಾಡಿ ಒಂದೆರಡು ಕಿ.ಮೀ. ಕಡಿಮೆ ಕೊಡುತ್ತದೆ. ಬಿಟ್ಟಲ್ಲಿ ಮುಂದೆ ಉರುಳುವುದೂ ಇಲ್ಲ.

ಮೆಕ್ಯಾನಿಕ್: ಉರುಳದೇ ಇದ್ದರೆ ಬ್ರೇಕ್ ಹಿಡಿದುಕೊಂಡಿದೆ. ಕಡಲ ಬದಿಯ ಗಾಡಿಗಳಲ್ಲಿ ಕ್ಯಾಲಿಪರ್ (ಬ್ರೇಕ್ ಪ್ಯಾಡ್ ಒತ್ತುವ ಭಾಗ) ಜಾರುವ ಸ್ಲೈಡ್ ಪಿನ್ ತುಕ್ಕು ಹಿಡಿಯುವುದು ಸಾಮಾನ್ಯ. ಐದು ಕಿ.ಮೀ. ಓಡಿಸಿ, ಜೋರಾಗಿ ಬ್ರೇಕ್ ಹಾಕದೆ ನಿಲ್ಲಿಸಿ, ನಾಲ್ಕು ರಿಮ್‌ಗಳ ಹತ್ತಿರ ಅಂಗೈ ಹಿಡಿಯಿರಿ. ಒಂದು ಮಾತ್ರ ಬಿಸಿ ಇದ್ದರೆ ಅದೇ. ಪಿನ್ ತೆಗೆದು ಒರೆಸಿ ಬ್ರೇಕಿನದ್ದೇ ಸಿಲಿಕೋನ್ ಗ್ರೀಸ್ ಹಾಕಬೇಕು. ಸಾದಾ ಗ್ರೀಸ್ ಹಾಕಿದರೆ ರಬ್ಬರ್ ಬೂಟ್ ಊದುತ್ತದೆ. ಮಳೆಯಲ್ಲಿ ರಾತ್ರಿ ಹ್ಯಾಂಡ್‌ಬ್ರೇಕ್ ಎಳೆದಿಡುವ ಬದಲು ಸಮತಟ್ಟು ಜಾಗದಲ್ಲಿ ಗೇರ್ ಹಾಕಿ ಬಿಡಿ.

ಪೆರ್ಲ ಭಟ್ರು: ಇಲ್ಲಿಯ ಹುಡುಗನ ಹತ್ತಿರ ಸ್ಕ್ಯಾನರ್ ಇತ್ತು. ಅರ್ಧ ಗಂಟೆ ಓಡಿಸಿದರೂ 63 ಡಿಗ್ರಿ. ಹೌಸಿಂಗ್ ಬಿಚ್ಚಿಸಿದೆ, ಒಳಗೆ ವಾಲ್ವೇ ಇಲ್ಲ, ಖಾಲಿ.

ಮುಳ್ಳೇರಿಯ ರೈಗಳು: ಹೀಟ್ ಆಗದಂತೆ ಪಾಪ ತೆಗೆದದ್ದು.

ಮೆಕ್ಯಾನಿಕ್: ಪಾಪ ಪುಣ್ಯ ನಿಮ್ಮಲ್ಲೇ ಇರಲಿ ರೈಗಳೆ. ಭಟ್ರೆ, ಒರಿಜಿನಲ್ ಥರ್ಮೋಸ್ಟಾಟ್ ತನ್ನಿ. ಕೂರಿಸುವ ಮುಂಚೆ ಪಾತ್ರೆಯ ನೀರಲ್ಲಿ ದಾರ ಕಟ್ಟಿ ತೂಗಿಸಿ ಕಾಯಿಸಿ, ಕೊರೆದ ಡಿಗ್ರಿಯ ಆಸುಪಾಸು ತೆರೆಯಬೇಕು. ಹೊಸ ಗ್ಯಾಸ್ಕೆಟ್. ನಳ್ಳಿ ನೀರು ಬೇಡ, ಕೈಪಿಡಿಯಲ್ಲಿ ಹೇಳಿದ ಕೂಲೆಂಟ್. ಎಂಜಿನ್ ತಣ್ಣಗಿರುವಾಗ ತುಂಬಿಸಿ, ಮುಚ್ಚಳ ತೆರೆದಿಟ್ಟು ಸ್ಟಾರ್ಟ್ ಮಾಡಿ, ಗುಳ್ಳೆ ನಿಲ್ಲುವವರೆಗೆ ಗಾಳಿ ತೆಗೆಯಿರಿ. ಆಮೇಲೆ ಆಯಿಲ್, ಆಯಿಲ್ ಫಿಲ್ಟರ್ ಎರಡೂ ಹೊಸತು. ಗ್ರೇಡ್ ಕೈಪಿಡಿಯದ್ದೇ, "ಹಳೆ ಗಾಡಿಗೆ ದಪ್ಪ ಆಯಿಲ್" ಎಂದು 20ಡಬ್ಲ್ಯೂ-50 ಹಾಕಿಸಿಕೊಳ್ಳಬೇಡಿ, ಅದೂ ಮೈಲೇಜ್ ತಿನ್ನುತ್ತದೆ.

ಇನ್ನೊಂದು. ಅದನ್ನು ತೆಗೆದದ್ದು ಹೀಟ್ ಆದದ್ದಕ್ಕೆ. ಆ ಮೂಲ ಕಾರಣ ಇನ್ನೂ ಅಲ್ಲೇ ಇರಬಹುದು: ಫ್ಯಾನ್ ರಿಲೇ, ಕಟ್ಟಿದ ರೇಡಿಯೇಟರ್, ವಾಟರ್ ಪಂಪ್. ಹೊಸ ವಾಲ್ವ್ ಹಾಕಿ ಎಸಿ ಆನ್ ಮಾಡಿ ನಿಂತಲ್ಲೇ ಇಪ್ಪತ್ತು ನಿಮಿಷ ಐಡಲ್ ಬಿಡಿ, ಎಸಿ ಬಂದ್ ಮಾಡಿದ ಮೇಲೂ ಫ್ಯಾನ್ ತಾನಾಗಿ ಹಾಕಿಕೊಂಡು ನಿಲ್ಲುತ್ತದಾ ನೋಡಿ. ಟೆಂಪರೇಚರ್ ನೂರು ದಾಟಿ ಏರುತ್ತಲೇ ಹೋದರೆ ತಕ್ಷಣ ಎಂಜಿನ್ ಆರಿಸಿ, ಮುಚ್ಚಳ ಮುಟ್ಟಬೇಡಿ, ನನಗೆ ಫೋನ್ ಮಾಡಿ.

ಉಪ್ಪಳ ಹೊಸಬ: ಅಣ್ಣ, ನನ್ನದರಲ್ಲೂ ಥರ್ಮೋಸ್ಟಾಟ್ ತೆಗೆದರೆ ಮೈಲೇಜ್ ಹೆಚ್ಚಾಗ್ತದಾ?

ಬದಿಯಡ್ಕ ಮಾಷ್ಟ್ರು: ದೇವರೇ.

ಅಡ್ಮಿನ್: ಕಮೆಂಟ್ ಬಂದ್ ಮಾಡಿದ್ದೇನೆ. ಭಟ್ರು ಫಲಿತಾಂಶ ನನಗೆ ಕಳಿಸಿ, ನಾನು ಹಾಕುತ್ತೇನೆ.