ಪದಚರ್ಚೆ: ಜಿಪಿಎಸ್‌ನ ವೇಪಾಯಿಂಟ್, ರೂಟ್, ಟ್ರ್ಯಾಕ್ – ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಚಾರಣಕ್ಕೆ ಹೋಗುವ ಗೆಳೆಯರಿಗೆಂದು ಒಂದೆರಡು ಪುಟದ ಕನ್ನಡ ಕೈಪಿಡಿ ಬರೆಯುತ್ತಿದ್ದೇನೆ. ಕಂಪ್ಯೂಟರಿನಲ್ಲಿ ಬೇಸ್‌ಕ್ಯಾಂಪ್ ಅಥವಾ ಕ್ಯೂಜಿಐಎಸ್ ಎಂಬ ನಕ್ಷೆಯ ಸಾಫ್ಟ್‌ವೇರ್ ತೆರೆದು ನಕ್ಷೆಯ ಮೇಲೆ ದಾರಿ ನೋಡಿಟ್ಟುಕೊಳ್ಳುವುದು, ಅದನ್ನು ಕೈಯಲ್ಲಿ ಹಿಡಿಯುವ ಜಿಪಿಎಸ್‌ಗೆ ತುಂಬುವುದು, ವಾಪಸ್ ಬಂದ ಮೇಲೆ ನಡೆದದ್ದನ್ನು ಇಳಿಸಿಕೊಳ್ಳುವುದು. ವಿಷಯ ಇಷ್ಟೇ. ಆದರೆ ಮೂರು ಪದ ಕಾಲಿಗೆ ತೊಡರುತ್ತಿವೆ: ವೇಪಾಯಿಂಟ್ (ಅಕ್ಷಾಂಶ, ರೇಖಾಂಶದ ಸಮೇತ ಉಳಿಸಿಟ್ಟ ಒಂದು ಜಾಗ), ರೂಟ್ (ಹೋಗಬೇಕಾದ ದಾರಿ), ಟ್ರ್ಯಾಕ್ (ನಡೆದ ದಾರಿಯ ದಾಖಲೆ).

ಹಾಗೇ ಬರೆದರೆ ಏನು ಕಷ್ಟ ಅಂತ ಕೇಳಬಹುದು. ನಮ್ಮವರು ಹೇಗೂ ‘ಪಾಯಿಂಟ್ ಹಾಕಿದ್ಯಾ?’, ‘ಟ್ರ್ಯಾಕ್ ಕಳಿಸೋ’ ಅಂತಲೇ ಮಾತಾಡುತ್ತಾರೆ. ತೊಂದರೆ ಏನೆಂದರೆ, ರೂಟ್‌ಗೂ ಟ್ರ್ಯಾಕ್‌ಗೂ ಇರುವ ವ್ಯತ್ಯಾಸ ಈ ಮಾತಿನಲ್ಲಿ ಕಾಣಿಸುವುದೇ ಇಲ್ಲ. ಇನ್ನು ಕನ್ನಡದಲ್ಲಿ ಬರೆಯುವವರು ಎರಡಕ್ಕೂ ‘ಮಾರ್ಗ’ ಅಂದುಬಿಡುತ್ತಾರೆ. ಕಾಡಿನಲ್ಲಿ ಇವೆರಡನ್ನೂ ಒಂದೇ ಅಂದುಕೊಂಡರೆ ದಾರಿ ತಪ್ಪುತ್ತದೆ. ಇಂಥ ಮಾಹಿತಿ ಉಳಿಸಲೆಂದು 2002ರಲ್ಲಿ ಬಂದ ಜಿಪಿಎಕ್ಸ್ ಮಾದರಿಯ ಕಡತದಲ್ಲೂ ಮೂರಕ್ಕೂ ಬೇರೆ ಬೇರೆ ಜಾಗ ಇದೆ.

ಕುಕ್ಕೆಯಿಂದ ಕುಮಾರಪರ್ವತಕ್ಕೆ ಹೊರಟಿದ್ದೀರಿ ಅನ್ನಿ. ಭಟ್ಟರ ಮನೆ, ಕಲ್ಲಿನ ಮಂಟಪ, ಶೇಷಪರ್ವತ, ಆಮೇಲೆ 1,712 ಮೀಟರ್ ಎತ್ತರದ ತುದಿ. ಮನೆಯಲ್ಲೇ ಕೂತು ಈ ನಾಲ್ಕೂ ಕಡೆ ಚುಕ್ಕಿ ಇಟ್ಟು ಸಾಲಾಗಿ ಜೋಡಿಸಿದರೆ ಅದು ರೂಟ್. ಉಪಕರಣದ ನಕ್ಷೆಯಲ್ಲಿ ಕಾಲುದಾರಿಯ ಮಾಹಿತಿ ಇಲ್ಲದಿದ್ದರೆ ಅದು ಚುಕ್ಕಿಯಿಂದ ಚುಕ್ಕಿಗೆ ನೇರ ಗೆರೆ ಎಳೆಯುತ್ತದೆ. ನಡುವೆ ಬಂಡೆ ಇದೆಯೋ, ಪ್ರಪಾತ ಇದೆಯೋ, ಅದಕ್ಕೆ ಗೊತ್ತಿಲ್ಲ. ಅದು ತೋರಿಸುವ ದೂರವೂ ಆ ಗೆರೆಯದ್ದೇ. ನಡೆದರೆ ಅದಕ್ಕಿಂತ ಜಾಸ್ತಿ.

ಟ್ರ್ಯಾಕ್ ಹಾಗಲ್ಲ. ನೀವು ನಡೆಯುತ್ತಿದ್ದಂತೆ ಉಪಕರಣ ಕೆಲವು ಕ್ಷಣಕ್ಕೊಮ್ಮೆ ಜಾಗ, ಎತ್ತರ, ಸಮಯ ಮೂರನ್ನೂ ಬರೆದುಕೊಳ್ಳುತ್ತಾ ಹೋಗುತ್ತದೆ. ಮಂಟಪದಲ್ಲಿ ಕೂತು ಅವಲಕ್ಕಿ ತಿಂದರೆ ಅದೂ ದಾಖಲಾಗುತ್ತದೆ. ನೀವು ಅಲ್ಲಾಡದೇ ಇದ್ದರೂ ಸಿಗ್ನಲ್ ಅತ್ತಿತ್ತ ಸರಿಯುವುದರಿಂದ ಅಲ್ಲೊಂದು ಸಿಕ್ಕುಗಟ್ಟಿದ ದಾರದ ಉಂಡೆ ಬಿದ್ದಿರುತ್ತದೆ. ಶೇಷಪರ್ವತ ದಾಟಿ ಶೋಲಾ ಕಾಡಿಗೆ (ಬೆಟ್ಟದ ತಗ್ಗಿನಲ್ಲಿ ಬೆಳೆಯುವ ದಟ್ಟ ಕಾಡು) ಇಳಿದರೆ, ಮರದ ಸಂದಿಯಲ್ಲಿ ಗೆರೆ ಸೊಟ್ಟಸೊಟ್ಟ.

ಇದಕ್ಕೆ ನನಗೆ ತೋಚಿದ ಪದ ‘ಜಾಡು’. ಆನೆ ಜಾಡು, ಗಾಡಿ ಜಾಡು, ಕಳ್ಳನ ಜಾಡು ಹಿಡಿದು ಹೋಗುವುದು. ಎಲ್ಲ ಕಡೆಯೂ ಯಾರೋ ಆಗಲೇ ಹೋಗಿ ಆಗಿದೆ, ಉಳಿದದ್ದು ಜಾಡು. ರೂಟ್‌ಗೆ ಸುಮ್ನೆ ‘ದಾರಿ’ ಸಾಕು, ಇನ್ನೂ ಹೋಗಬೇಕಾದ್ದು ಅದು. ‘ಜಾಡು ಉಳಿಸು’, ‘ಬಂದ ಜಾಡಲ್ಲೇ ವಾಪಸ್’ ಅಂತ ಗುಂಡಿಗಳ ಮೇಲೆ ಬರೆದರೂ ಓದಲು ಚೆನ್ನಾಗಿದೆ. ಬೇರೆಯವರ ಟ್ರ್ಯಾಕ್ ಇಳಿಸಿಕೊಂಡರೂ ಅದು ಜಾಡೇ.

ಒಂದು ತಕರಾರು ಮಾತ್ರ ಉಳಿಯುತ್ತದೆ. ಬೇಸ್‌ಕ್ಯಾಂಪಿನಲ್ಲಿ ಮೌಸ್ ಹಿಡಿದು ಗೆರೆ ಗೀಚಿದರೂ ಅದನ್ನು ಟ್ರ್ಯಾಕ್ ಎಂದೇ ಉಳಿಸಬಹುದು. ಯಾರೂ ನಡೆಯದ್ದನ್ನು ಜಾಡು ಅನ್ನುವುದು ಹೇಗೆ? ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಗೀಚಿದ್ದರಲ್ಲಿ ಸಮಯ ಇರುವುದಿಲ್ಲ, ಅದರಿಂದ ಪತ್ತೆ ಹಚ್ಚಬೇಕು. ಹಂಚಿಕೊಂಡ ಕಡತಗಳಲ್ಲಿ ಇಂಥವೂ ಇರುತ್ತವೆ. ಹಾಗಾಗಿ ‘ಗೀಚಿದ ಗೆರೆ’ ಅಂತ ಬೇರೆ ಹೆಸರೇ ಇಡಬೇಕು ಅನ್ನುವುದು ನನ್ನ ಅಭಿಪ್ರಾಯ. ಸಾಫ್ಟ್‌ವೇರ್ ಮಾಡದ ವ್ಯತ್ಯಾಸವನ್ನು ಕನ್ನಡ ಮಾಡಿದರೆ ತಪ್ಪೇನಿಲ್ಲ, ಅಲ್ವಾ?

ದಾರಿ ಎಂಬ ಅರ್ಥದ ಹಳಗನ್ನಡದ ‘ಬಟ್ಟೆ’ ಬಳಸಿ ಅಂತ ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ. ಪದ ಚೆನ್ನಾಗಿದೆ. ಆದರೆ ‘ಬಟ್ಟೆ ಉಳಿಸಿ’ ಅಂತ ಬರೆದರೆ ನಮ್ಮ ಹುಡುಗರು ರೇನ್‌ಕೋಟ್ ತೆಗೆಯುತ್ತಾರೆ.

ವೇಪಾಯಿಂಟ್‌ಗೆ ಇನ್ನೂ ಸಮಾಧಾನ ಸಿಕ್ಕಿಲ್ಲ. ‘ಹೆಗ್ಗುರುತು’ ಆಗುವುದಿಲ್ಲ. ಅದು ಎಲ್ಲರ ಕಣ್ಣಿಗೂ ಬೀಳುವಂಥದ್ದು. ವೇಪಾಯಿಂಟ್ ಇರುವಲ್ಲಿ ನೆಲದ ಮೇಲೆ ಏನೂ ಇಲ್ಲದಿರಬಹುದು. ‘ದಾರಿಗುರುತು’ ಅಂದರೆ ದಾರಿ ಮೇಲೇ ಇರಬೇಕು ಅನಿಸುತ್ತದೆ. ದಾರಿ ಬಿಟ್ಟು ಒಳಗೆ ಹೋದರೆ ಸಿಗುವ ನೀರಿನ ಒರತೆಗೂ ನಾವು ಪಾಯಿಂಟ್ ಹಾಕುತ್ತೇವಲ್ಲ. ಬರೀ ‘ಗುರುತು’ ಹತ್ತಿರದ್ದು, ‘ಗುರುತು ಹಾಕಿಕೋ’ ಅಂದರೆ ಯಾರಿಗಾದರೂ ಅರ್ಥವಾಗುತ್ತದೆ. ಆದರೆ ಅದೇ ಪುಟದಲ್ಲಿ ನಕ್ಷೆಯ ಚಿಹ್ನೆಗಳಿಗೂ ಗುರುತು ಅಂದಿದ್ದೇನೆ, ಎರಡೂ ಕಲಸಿಹೋಗುತ್ತವೆ. ‘ಬಿಂದು’ ಅಂದರೆ ಗಣಿತದ ಪಾಠ.

ಕಾಂಟೂರ್, ಅಂದರೆ ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆ, ಇದರ ಕಥೆ ಉಲ್ಟಾ. ಅದಕ್ಕೆ ಪದಗಳು ಹೆಚ್ಚಾಗಿವೆ. ಭೂಗೋಳದವರು ‘ಸಮೋನ್ನತ ರೇಖೆ’ ಅನ್ನುತ್ತಾರೆ. ಕೃಷಿಯವರು ಇಳಿಜಾರಿಗೆ ಅಡ್ಡಲಾಗಿ ಹಾಕುವ ಬದುವಿಗೆ ‘ಸಮಪಾತಳಿ ಬದು’ ಅನ್ನುತ್ತಾರೆ. ಸರ್ವೇ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ ಸಾಮಾನ್ಯವಾಗಿ 20 ಮೀಟರ್ ಎತ್ತರಕ್ಕೊಂದು ಗೆರೆ. ಗೆರೆ ಒತ್ತೊತ್ತಾಗಿದ್ದರೆ ಏರು ಕಡಿದು, ಏದುಸಿರು. ನಾನು ‘ಸಮಪಾತಳಿ ಗೆರೆ’ ಕಡೆಗೆ ವಾಲಿದ್ದೇನೆ, ಹೊಲ ಇರುವವರಿಗೆ ತಕ್ಷಣ ಗೊತ್ತಾಗುತ್ತದೆ ಎಂಬ ಕಾರಣಕ್ಕೆ.

ಅಕ್ಷಾಂಶ, ರೇಖಾಂಶದ ಬಗ್ಗೆ ಚರ್ಚೆ ಬೇಡ, ಅವು ನೆಲೆಯೂರಿವೆ. ಅದರೊಳಗಿನ ‘ನಿಮಿಷ’ದ್ದೇ ಫಜೀತಿ. ಕುಮಾರಪರ್ವತ ಇರುವುದು ಹೆಚ್ಚುಕಡಿಮೆ 12 ಡಿಗ್ರಿ 39 ನಿಮಿಷ ಉತ್ತರ, 75 ಡಿಗ್ರಿ 41 ನಿಮಿಷ ಪೂರ್ವದಲ್ಲಿ. ಇದನ್ನು 12.39, 75.41 ಎಂದು ಒತ್ತಿದರೆ ಚುಕ್ಕಿ ಸುಮಾರು 40 ಕಿಲೋಮೀಟರ್ ಆಚೆ, ನೈಋತ್ಯಕ್ಕೆ ಹೋಗಿ ಕೂರುತ್ತದೆ. ಒಂದು ಡಿಗ್ರಿಗೆ 60 ನಿಮಿಷ, ಹಾಗಾಗಿ 39 ನಿಮಿಷ ಅಂದರೆ 0.65 ಡಿಗ್ರಿ, 0.39 ಅಲ್ಲ. ಜ್ಯೋತಿಷ್ಯದ ಲೆಕ್ಕದಲ್ಲಿ ಇದಕ್ಕೆ ‘ಕಲೆ’, ‘ವಿಕಲೆ’ ಅನ್ನುವುದುಂಟು. ಗಡಿಯಾರದ ನಿಮಿಷದ ಜೊತೆ ಗೊಂದಲ ಇರುವುದಿಲ್ಲ, ನಿಜ. ಆದರೆ ಈಗಿನವರಿಗೆ ‘39 ಕಲೆ’ ಅಂದರೆ ಅಂಗಿ ಮೇಲಿನ ಕಲೆ ನೆನಪಾದೀತು. ನಿಮಿಷವೇ ಇರಲಿ, ಪಕ್ಕದಲ್ಲಿ ಈ ಉದಾಹರಣೆ ಕೊಡುತ್ತೇನೆ.

ಈಗ ಕೇಳಬೇಕಾದ್ದು. ಉತ್ತರ ಕರ್ನಾಟಕದಲ್ಲಿ, ಕರಾವಳಿಯಲ್ಲಿ ‘ಜಾಡು’ ಇದೇ ಅರ್ಥದಲ್ಲಿ ನಡೆಯುತ್ತದೆಯೇ? ಮನುಷ್ಯರು ನಡೆದದ್ದಕ್ಕೂ ಹೇಳುತ್ತೀರಾ, ಪ್ರಾಣಿ ಮತ್ತು ಗಾಡಿಗೆ ಮಾತ್ರವೇ? ವೇಪಾಯಿಂಟ್‌ಗೆ ‘ಗುರುತು’ ಬಿಟ್ಟು ಬೇರೆ ಏನಾದರೂ ಹೊಳೆಯುತ್ತದೆಯೇ? ಇನ್ನೊಂದು, ಶೇಷಪರ್ವತಕ್ಕೂ ಕುಮಾರಪರ್ವತಕ್ಕೂ ನಡುವೆ ಇರುವಂಥ ತಗ್ಗಿಗೆ, ಅಂದರೆ ಎರಡು ಶಿಖರ ಕೂಡುವ ಜಾಗಕ್ಕೆ, ನಿಮ್ಮ ಕಡೆ ಏನನ್ನುತ್ತಾರೆ? ಕಣಿವೆ ಅಂದರೆ ತೀರಾ ಆಳವಾಯಿತು.